ಉಲ್ಲಾಳದ ನೀರು

ಸ್ಕೂಲ್ ಟೂರ್ ಎಂದರೆ ಬಸ್ಸಿನ ನೆತ್ತಿ ಮೇಲೆ ಅಕ್ಕಿ ಮೂಟೆ, ಪಾತ್ರೆ, ಸೌದೆ ಕಟ್ಟಿಕೊಂಡು ಹೊರಡುತ್ತಿದ್ದ ಕಾಲ ಅದು. ನಾನಾಗ ಏಳನೇ ಕ್ಲಾಸು. ಕುಣಿಗಲ್‌ನಿಂದ ಉಲ್ಲಾಳಕ್ಕೆ ಹೊರಟಿದ್ದೆವು. ರಾಣಿ ಅಬ್ಬಕ್ಕನ ಊರು, ಬಂಡೆ ಮೇಲಿನ ಸೋಮೇಶ್ವರನ ಗುಡಿ, ದರ್ಗಾ, ಸಮುದ್ರ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಪಟ್ಟಿ ಬರೆದಿದ್ದರು. ಅಜ್ಜಿಗೆ ಬೇಕಾದದ್ದು ಅದರಲ್ಲಿ ಕೊನೆಯದೊಂದೇ.

ಹೆಂಚಿನ ಲಾರಿ ಓಡಿಸುತ್ತಿದ್ದ ತಾತ, ನಾನು ಹುಟ್ಟುವ ಮೊದಲೇ, ಆ ಕಡೆ ಹೋದಾಗ ಜ್ವರ ಬಂದು ತೀರಿಕೊಂಡಿದ್ದರು. ಸುದ್ದಿ ಊರು ಮುಟ್ಟುವಷ್ಟರಲ್ಲಿ ಅಲ್ಲೇ ಸುಟ್ಟು, ಬೂದಿಯನ್ನು ಉಲ್ಲಾಳದ ಸಮುದ್ರಕ್ಕೆ ಬಿಟ್ಟಾಗಿತ್ತು. ಅಜ್ಜಿಗೆ ಮುಖ ನೋಡಲೂ ಸಿಗಲಿಲ್ಲ.

"ಒಂದು ಬಾಟ್ಲಿ ನೀರು ತಗಂಡ್ ಬಾ ಮಗ. ನಿಮ್ ತಾತ ಆ ನೀರ್ನಲ್ಲವ್ರೆ," ಎಂದು ಬಾಟಲಿ ತೊಳೆದು ನನ್ನ ಬ್ಯಾಗಿಗೆ ತುರುಕಿದಳು.

ನೀರು ತುಂಬಿಸಿದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಮರಳಲ್ಲಿ ಪುಟಪುಟನೆ ಓಡುತ್ತಿದ್ದ ಎರಡು ಏಡಿ ಮರಿಗಳನ್ನು ಕಂಡು ತಡೆಯಲಾಗದೆ ಅವನ್ನೂ ಒಳಗೆ ಬಿಟ್ಟೆ. ವಾಪಸ್ಸು ಬರುವಾಗ ಬೆಳಿಗ್ಗೆ ಹಾಸನದ ಹತ್ತಿರ ಮುಚ್ಚಳ ತೆಗೆದರೆ ಏಡಿ ಸತ್ತಿದ್ದವು. ಬಸ್ಸೆಲ್ಲ ಗಬ್ಬು ನಾತ.

"ಯಾರ್ಲಾ ಅದು? ಚೆಲ್ಲೋ ಆಚೆ!" ಮೇಷ್ಟ್ರು ಗದರಿದರು.

ತಾತನ ನೀರು ಸಾರ್ ಎನ್ನಬಹುದಿತ್ತು. ಹುಡುಗರು ನಕ್ಕಾರೆಂದು ಕಿಟಕಿಯಿಂದ ಚೆಲ್ಲಿಬಿಟ್ಟೆ.

ಕುಣಿಗಲ್‌ನಲ್ಲಿ ಇಳಿದವನೇ ಅಡುಗೆ ಸಾಮಾನಿನ ಚೀಲದಿಂದ ಎರಡು ಹಿಡಿ ಕಲ್ಲುಪ್ಪು ಜೇಬಿಗಿಳಿಸಿ ದೊಡ್ಡಕೆರೆಗೆ ಓಡಿದೆ. ಬಾಟಲಿ ತೊಳೆದು ಕೆರೆ ನೀರು ತುಂಬಿ, ಉಪ್ಪು ಕದಡಿ, ಸಮುದ್ರದ ರುಚಿ ಬರುವವರೆಗೆ ನೆಕ್ಕಿ ನೆಕ್ಕಿ ನೋಡಿದೆ.

ಅಜ್ಜಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. "ಊಂ ಕಣೋ, ಉಪ್ಪು," ಅಂದಳು. ಆಮೇಲೆ ಬಾಟಲಿಯನ್ನೇ ಕೇಳಿದಳು: "ಬಂದ್ರಾ? ಇಷ್ಟ್ ದಿನ ಬೇಕಾಯ್ತಾ?"



ಬಾಟಲಿ ಮೂರು ವರ್ಷ ದೇವರ ಗೂಡಿನಲ್ಲಿತ್ತು. ದೀಪ ಹಚ್ಚುವ ಹೊತ್ತಿಗೆ ಅದರ ಮುಂದೆ ಕೂತು ಅಜ್ಜಿ ಎಮ್ಮೆ ಈದದ್ದು, ನನ್ನ ಮಾರ್ಕ್ಸು ಎಲ್ಲ ಹೇಳುತ್ತಿದ್ದಳು. ನಡುವೆ ನಿಲ್ಲಿಸಿ, ಯಾರೋ ಉತ್ತರ ಕೊಟ್ಟಂತೆ ತಲೆಯಾಡಿಸುತ್ತಿದ್ದಳು. ನಿಜ ಹೇಳಿಬಿಡೋಣವೆಂದು ಎಷ್ಟೋ ಸಲ ಪಕ್ಕದಲ್ಲಿ ಹೋಗಿ ಕೂತೆ.

"ಸುಮ್ಕಿರ್ಲಾ, ತಾತ ಮಾತಾಡ್ತಾವ್ರೆ," ಅನ್ನುತ್ತಿದ್ದಳು.

ಸಾಯುವಾಗ ಬಾಯಿಗೆ ಆ ನೀರನ್ನೇ ಬಿಡಿ ಎಂದಿದ್ದಳು. ಬಿಟ್ಟವನು ನಾನೇ.

ಈಗ ಉಲ್ಲಾಳ ಕಾರಿನಲ್ಲಿ ಅರ್ಧ ದಿನದ ದಾರಿ. ಹೋದ ವರ್ಷ ಮಗಳನ್ನು ಕರೆದುಕೊಂಡು ಹೋಗಿದ್ದೆ. ಗುಡಿ, ದರ್ಗಾ, ಅಬ್ಬಕ್ಕನ ಪ್ರತಿಮೆ, ಎಲ್ಲದರ ಮುಂದೆ ಅವಳ ಫೋಟೊ ಆಯಿತು. ನಾನು ಒಂದು ಬಾಟಲಿ ಸಮುದ್ರದ ನೀರು ತುಂಬಿಕೊಂಡೆ.

"ಯಾರಿಗಪ್ಪಾ ಇದು?" ಎಂದಳು.

ಅಜ್ಜಿಯಿಲ್ಲ, ಆ ದೇವರ ಗೂಡೂ ಇಲ್ಲ. ವಾಪಸ್ಸು ಬರುವಾಗ ದೊಡ್ಡಕೆರೆ ಏರಿಯ ಮೇಲೆ ಕಾರು ನಿಲ್ಲಿಸಿ, ಇಳಿದು ಅಷ್ಟನ್ನೂ ಕೆರೆಗೆ ಸುರಿದೆ. ಅಜ್ಜಿ ಇನ್ನೂ ತಾತನನ್ನು ಹುಡುಕುತ್ತಿದ್ದರೆ ಇಲ್ಲೇ ಹುಡುಕುತ್ತಿರುತ್ತಾಳೆ. ಅವಳ ಬಾಯಿಗೆ ನಾನು ಬಿಟ್ಟದ್ದು ಈ ನೀರನ್ನೇ.