ಲಿಂಡಾಲ್ವಾಳ ಸುಡದ ಬೆರಳು

ರೆಸಿಫೆ ನಗರದ ನಮ್ಮ ಗುಡ್ಡಕ್ಕೆ ಮೆಟ್ಟಿಲು ನೂರಾ ಎಂಬತ್ತು, ಚರ್ಮದ ಡಾಕ್ಟರು ಸೊನ್ನೆ. ಅವರನ್ನು ಕಾಣಬೇಕೆಂದರೆ ಕೆಳಗಿನ ದೊಡ್ಡಾಸ್ಪತ್ರೆಯ ಸರದಿಯಲ್ಲಿ ಎಂಟು ತಿಂಗಳು ಕಾಯಬೇಕು. ಹಾಗಾಗಿ, ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತ ಜೆನಿವಾಲನ ಕೈಗೆ, ಪರದೆಯಲ್ಲೇ ಡಾಕ್ಟರು ರೋಗಿಯನ್ನು ನೋಡಲೆಂದು, ಆಸ್ಪತ್ರೆಯವರು ಒಂದು ಟ್ಯಾಬ್ ಕೊಟ್ಟರು. ಅಂದಿನಿಂದ ಅವನು ಚಪ್ಪಲಿ ಬಿಟ್ಟು ಬೂಟು ಮೆಟ್ಟಿದ. "ನಾನೂ ಡಾಕ್ಟ್ರೂ ಸೇರಿ ನೋಡ್ತೀವಿ" ಎನ್ನತೊಡಗಿದ.

ಇಬ್ಬರೂ ಸೇರಿ ಮೊದಲು ನೋಡಿದ್ದು ಲಿಂಡಾಲ್ವಾಳನ್ನು. ಮೂರನೇ ತಿರುವಿನಲ್ಲಿ ನಲವತ್ತು ವರ್ಷದಿಂದ ಮರಗೆಣಸಿನ ಹಿಟ್ಟನ್ನು ಕಾವಲಿಗೆ ಉದುರಿಸಿ ಮಾಡುವ ಟ್ಯಾಪಿಯೋಕ ದೋಸೆ ಮಾರುವವಳು. ಕಾದ ಕಾವಲಿಯ ಮೇಲೆ ಅದನ್ನು ಬೆರಳಲ್ಲೇ ಮಗುಚುತ್ತಿದ್ದಳು. ಹೊಸ ಗಿರಾಕಿ ಹೌಹಾರಿದರೆ, "ಈ ಕೈ ಬೆಂದು ಮುಗಿದಿದೆ ಮಗಾ, ಇನ್ನೇನು ಬೇಯೋದು?" ಎನ್ನುವಳು. ಬಂದ ನೆಂಟರಿಗೆಲ್ಲ ನಾವು ಆ ಕೈಯನ್ನು ತೋರಿಸಿ ಬೀಗುತ್ತಿದ್ದೆವು.

ಆ ಕೈಯ ಮಣಿಕಟ್ಟಿನ ಮೇಲೆ ಬಿಳಚು ಮಚ್ಚೆಯೊಂದು ಹಬ್ಬಿತ್ತು. ಈಚೆಗೆ ಕಿರುಬೆರಳೂ ಮಡಚಿಕೊಳ್ಳುತ್ತಿತ್ತು. ಕೈ ಹೋದರೆ ಕಾವಲಿಯೂ ಹೋದಂತೆಯೇ. ಹೆದರಿಯೇ ಅವಳು ಯಾರಿಗೂ ಹೇಳಿರಲಿಲ್ಲ; ಮನೆಗೆ ಬಂದ ಜೆನಿವಾಲನ ಕಣ್ಣಿಗೇ ಅದು ಬಿತ್ತು.

ಡಾಕ್ಟರು ನೋಡುವ ದಿನ ಲಿಂಡಾಲ್ವಾ ಸ್ನಾನ ಮಾಡಿ, ಚರ್ಚಿಗೆ ಹೋಗುವ ಬಟ್ಟೆ ತೊಟ್ಟು, ಮಚ್ಚೆ ಕಾಣದಂತೆ ಪೌಡರ್ ಬಳಿದು ಕೂತಳು. ಕಿಟಕಿಯಲ್ಲಿ ನಾವು ಆರು ತಲೆ.

ಪರದೆಯಲ್ಲಿ ಡಾಕ್ಟರ್ ಇಯಾರಾ ಬಗ್ಗಿ ನೋಡಿದರು. "ಕೈ ಲಕ್ಷಣವಾಗಿದೆಯಲ್ಲಮ್ಮ. ಕಾಯಿಲೆ ಎಲ್ಲಿ?"

"ಪೌಡರ್ ಕೆಳಗೆ."

"ತೊಳ್ಕೊಂಡು ಬನ್ನಿ."

"ಡಾಕ್ಟ್ರೆದುರಿಗೆ ಅಂಥದ್ದನ್ನ ತೋರ್ಸೋದಾ?"

"ನನಗೆ ಸಂಬಳ ಕೊಡೋದೇ ಅದನ್ನ ನೋಡೋಕೆ."

ತೊಳೆದು ಬಂದಳು. ಎರಡು ಸೀಸೆಯಲ್ಲಿ ಬಿಸಿನೀರು, ತಣ್ಣೀರು ತುಂಬಿಸಿ, ಕಣ್ಣು ಮುಚ್ಚಿಸಿ ಮುಟ್ಟಿಸು ಎಂದರು ಡಾಕ್ಟರು. ಜೆನಿವಾಲ್ ಬಿಸಿಯದನ್ನು ಮಚ್ಚೆಗೆ ಒತ್ತಿದ.

"ಇದು ತಣ್ಣಗಿದೆ" ಎಂದಳು ಲಿಂಡಾಲ್ವಾ.

ಕಿಟಕಿಯಲ್ಲಿ ನಗು ನಿಂತಿತು. ಜೆನಿವಾಲ್ ಟ್ಯಾಬಿನತ್ತ ತಿರುಗಿದ. "ಏನಿಲ್ಲ ಡಾಕ್ಟ್ರೇ, ಇವರಿಗೆ ಬಿಸಿ ತಟ್ಟಲ್ಲ. ನಲವತ್ತು ವರ್ಷದ ಅಭ್ಯಾಸ. ಇಡೀ ಗುಡ್ಡಕ್ಕೇ ಗೊತ್ತು."

"ಮೊದಲಿಂದಲೂ ಹೀಗೇನಾ ಅಮ್ಮ?"

ಲಿಂಡಾಲ್ವಾ ಯೋಚಿಸಿದಳು. "ಇಲ್ಲ. ಮೊದಲೆಲ್ಲ ಸುಡ್ತಿತ್ತು, ಬೈಕೊಂಡೇ ಮಗುಚ್ತಿದ್ದೆ. ಎರಡು ವರ್ಷ ಆಯ್ತು, ಬಾಯಿಗೆ ಕೆಲಸ ಇಲ್ಲ."

"ಹಾಗಾದ್ರೆ ಅದು ಅಭ್ಯಾಸ ಅಲ್ಲ. ಕುಷ್ಠ ಅನ್ಸತ್ತೆ. ನರಕ್ಕೂ ಇಳಿದಿದೆ. ಇವತ್ತೇ ಆರೋಗ್ಯ ಕೇಂದ್ರಕ್ಕೆ ಹೋಗಿ, ಅಲ್ಲಿನ ಡಾಕ್ಟ್ರು ಮುಟ್ಟಿ ನೋಡಿ ಮಾತ್ರೆ ಶುರು ಮಾಡ್ತಾರೆ. ವರ್ಷ ತಗೊಂಡ್ರೆ ವಾಸಿ."

ಕಾಯಿಲೆಯ ಹೆಸರನ್ನು ಅವಳು ಕೇಳಿಸಿಕೊಂಡಳೋ ಇಲ್ಲವೋ. "ಬೆರಳು?" ಎಂದಳು.

"ಈಗಲೇ ಶುರು ಮಾಡಿದ್ರೆ ಉಳಿಯೋ ಸಾಧ್ಯತೆ ಜಾಸ್ತಿ. ಆದ್ರೆ ಬರಿಗೈಲಿ ಕಾವಲಿ ಮುಟ್ಟಬಾರದು."

"ವ್ಯಾಪಾರ?"

"ಮಾತ್ರೆ ನುಂಗ್ತಾ ಮಾಡಿ. ಮಾತ್ರೆ ಶುರುವಾದ್ಮೇಲೆ ಅದು ಯಾರಿಗೂ ಅಂಟಲ್ಲ."

ಮುಂದಿನ ವಾರ ಲಿಂಡಾಲ್ವಾ ಕಾವಲಿ ಕಾಯಿಸಿದಾಗ ಕಿಟಕಿಯ ಆರು ಜನರಲ್ಲಿ ನಾವು ಇಬ್ಬರೇ ಹೋಗಿದ್ದೆವು. ಮಿಕ್ಕವರು ನಾಲ್ಕು ಮೆಟ್ಟಿಲು ಮೇಲೆ ನಿಂತು ಹವೆಯ ಬಗ್ಗೆ ಮಾತಾಡುತ್ತಿದ್ದರು. ಅವಳು ಹೊಸ ಸಟ್ಟುಗ ತೂರಿಸಿದಳು, ದೋಸೆ ಹರಿದು ಎರಡಾಯಿತು.

"ಪರವಾಗಿಲ್ಲ, ಅದನ್ನೇ ಕೊಡು" ಎಂದೆ.

"ಹರಿದದ್ದನ್ನ ನಾನು ಯಾವತ್ತು ಮಾರಿದ್ದೀನಿ?" ಎಂದು ಗದರಿ, ಅದನ್ನು ಪಕ್ಕಕ್ಕೆ ಸರಿಸಿ, ಮತ್ತೆ ಹಿಟ್ಟು ಉದುರಿಸಿದಳು.