ಯೂಲಾಲಿಯ ಸುಣ್ಣದ ಗೋಡೆ

ಯೂಲಾಲಿ ತನ್ನ ಹಜಾರದ ಗೋಡೆಗೆ ಪ್ರತಿ ಬೇಸಿಗೆಯೂ ಹೊಸ ಹಳದಿ ಬಣ್ಣ ಹೊಡೆಯುತ್ತಿದ್ದಳು. ಲೂಯಿಸಿಯಾನಾದ ನಮ್ಮ ಸೆಕೆಗೆ ಏಸಿಯನ್ನು ಮೈ ನಡುಗುವಷ್ಟು ತಣ್ಣಗಿಟ್ಟು, ಜೊತೆಗೇ ಗಾಳಿಯಾಡಲೆಂದು ಕಿಟಕಿಯನ್ನೂ ತೆರೆದಿಡುವವಳು ಅವಳು. ಹೊರಗಿನ ತೇವದ ಗಾಳಿ ಬಡಿದು ತಣ್ಣನೆಯ ಗೋಡೆ ಬೆವರುತ್ತಿತ್ತು. ಹಳದಿಯ ಅಡಿಯಿಂದ ಕಪ್ಪು ಬೂಷ್ಟು ಮತ್ತೆ ಇಣುಕುತ್ತಿತ್ತು. ಬ್ಲೀಚ್ ಹಾಕಿ ಉಜ್ಜಿದಳು, ವಿನೆಗರ್ ಹಾಕಿ ಉಜ್ಜಿದಳು. ಕೊನೆಗೆ ಚರ್ಚಿನ ತೀರ್ಥವನ್ನೂ ಚಿಮುಕಿಸಿದಳು. ತೀರ್ಥ ಬಿದ್ದಲ್ಲೇ ಬೂಷ್ಟು ಮೊದಲು ಬಂತು.

"ಅದಕ್ಕೂ ಭಕ್ತಿ ಜಾಸ್ತಿ ಕಣೇ," ಎಂದು ಪಕ್ಕದ ಮನೆಯ ನನಗೆ ಹೇಳಿ ಅವಳೇ ನಕ್ಕಳು.

ಅಕ್ಟೋಬರ್‌ನಲ್ಲಿ ಮಾತೆ ಮರಿಯಮ್ಮನ ಪ್ರತಿಮೆ ನಮ್ಮಲ್ಲಿ ಮನೆಯಿಂದ ಮನೆಗೆ ಹೋಗಿ, ಒಂದೊಂದು ಕಡೆ ವಾರವಿರುತ್ತದೆ. ದಿನವೂ ಜಪಸರ, ಕಾಫಿ, ಮನೆ ತುಂಬ ಜನ. ಗಂಡ ತೀರಿಕೊಂಡ ಮೇಲೆ ಯೂಲಾಲಿ ವರ್ಷವಿಡೀ ಕಾಯುತ್ತಿದ್ದುದು ಆ ವಾರಕ್ಕೆ. ಪಾಳಿ ನೋಡಿಕೊಳ್ಳುವವಳು ಅವಳ ನಾದಿನಿ ವರ್ಡೀ. ಹೋದ ವರ್ಷ ಅವಳು ಈ ಹಜಾರದ ಬೂಷ್ಟಿನ ವಾಸನೆಗೆ ಸೀನಿ ಸೀನಿ, ಪ್ರತಿಮೆಯನ್ನು ಅದೇ ಸಂಜೆ ಎತ್ತಿಸಿಕೊಂಡು ಹೋಗಿದ್ದಳು.

ನವೆಂಬರ್ ಒಂದರ ಸಕಲ ಸಂತರ ಹಬ್ಬ ಹತ್ತಿರವಾದಾಗ ನಾವು ನಮ್ಮವರ ಸಮಾಧಿಗಳಿಗೆ ಸುಣ್ಣ ಬಳಿಯುತ್ತೇವೆ. ಈ ಸಲ ಗಂಡನ ಸಮಾಧಿಗೆ ಬಳಿಯುತ್ತಿದ್ದ ಯೂಲಾಲಿ ಕೈ ನಿಲ್ಲಿಸಿ ನನ್ನತ್ತ ತಿರುಗಿದಳು.

"ನೋಡೇ, ಇವರು ವರ್ಷಪೂರ್ತಿ ಮಳೇಲಿ ನೆನೀತಾರೆ. ಆದ್ರೂ ನನ್ನ ಹಜಾರಕ್ಕಿಂತ ಇವರ ಮನೇನೇ ಚೊಕ್ಕಟ!"

ಉಳಿದ ಸುಣ್ಣದ ಬಕೆಟ್ ನೇರ ಮನೆಗೆ ಬಂತು. ಬೂಷ್ಟು ಉಜ್ಜಿ, ಬಣ್ಣ ಕೆರೆದು, ಗೋಡೆಗೆಲ್ಲ ಬಳಿದಳು. ಪ್ರತಿಮೆ ಬರುವ ದಿನ ನಮಗೆಂದು ಕುರ್ಚಿಗಳನ್ನು ಆ ಗೋಡೆಗೇ ಒತ್ತಿ ಇಟ್ಟಿದ್ದಳು.

ಪ್ರತಿಮೆ ತಂದ ವರ್ಡೀ ಬಾಗಿಲಲ್ಲೇ ನಿಂತಳು. "ಇದೇನು ಅತ್ತಿಗೆ, ಅಣ್ಣನ ಸಮಾಧೀನ ಮನೆಗೇ ತಂದ್ಬಿಟ್ರಾ?"

"ನಿಮ್ಮಣ್ಣ ಬೇಡ ಅನ್ನಲಿಲ್ಲ."

"ವಾಸನೆ ಬಂತೋ, ಈ ಸಲಾನೂ ಎತ್ಕೊಂಡು ಹೋಗ್ತೀನಿ, ಅಷ್ಟೇ."

ಅವಳು ಗೋಡೆಗೆ ಮೂಗು ಒತ್ತಿ ಈ ಮೂಲೆಯಿಂದ ಆ ಮೂಲೆಯವರೆಗೆ ಮೂಸಿದಳು. ಯೂಲಾಲಿ ಅವಳ ಹಿಂದೆಹಿಂದೆಯೇ ನಡೆದಳು.

"ಇಲ್ಲ," ಎಂದು ಒಲ್ಲದ ಮನಸ್ಸಿನಿಂದ ವರ್ಡೀ ತಿರುಗಿದಳು. ಮೂಗು, ಕೆನ್ನೆ, ಗಲ್ಲ ಎಲ್ಲ ಬೆಳ್ಳಗೆ! ಸಮಾಧಿಗೆ ಯಾರು ಒರಗುತ್ತಾರೆಂದು ನಾವು ಆ ಸುಣ್ಣಕ್ಕೆ ಮೈಗೆ ಮೆತ್ತದಂತೆ ಅಂಟು ಬೆರೆಸುವುದಿಲ್ಲ.

ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಜಪಸರ ಶುರುವಾಯಿತು. ನಾನು ಮಣಿಗಳಿಂದ ಕಣ್ಣೆತ್ತಲಿಲ್ಲ. ಪಕ್ಕದವಳು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಳು. ದೇವರು ಕ್ಷಮಿಸಲಿ, ಮೊದಲು ಕಿಸಕ್ಕೆಂದವಳು ನಾನೇ.

"ಮಾತೆ ಮುಂದೆ ಏನ್ರೇ ನಗು?" ಎಂದು ಆ ಬಿಳಿ ಮುಖ ಗದರಿತು. ಅಲ್ಲಿಗೆ ಮುಗಿಯಿತು, ಎಲ್ಲರೂ ಗೊಳ್ಳೆಂದು ನಕ್ಕೆವು. ಯೂಲಾಲಿ ಕನ್ನಡಿ ತಂದು ಹಿಡಿದಳು. ವರ್ಡೀ ಕಿರುಚಿದಳು. ಒರೆಸುವ ಬಟ್ಟೆ ತರಲು ನಾವೆಲ್ಲ ಎದ್ದು ಒಳಗೆ ತಿರುಗಿದಾಗ ಸುಣ್ಣ ಮೆತ್ತಿದ ನಮ್ಮ ಕಪ್ಪು ಉಡುಪುಗಳ ಬೆನ್ನು ಕಂಡು, ಅವಳು ನಗು ತಡೆಯದೆ ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕುಳಿತುಬಿಟ್ಟಳು.

"ಮಾತೆ ಇಲ್ಲೇ ಇರ್ಲಿ ಅತ್ತಿಗೆ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಈ ಮುಖ ಹೊತ್ಕೊಂಡು ಅವಳ ಜೊತೆ ಬೀದೀಲಿ ಹೇಗೆ ಹೋಗ್ಲಿ? ಆದ್ರೆ ಮೊದ್ಲು ಆ ಕಿಟಕಿ ಮುಚ್ಚಿ, ಬೀದಿಯವ್ರು ನೋಡ್ತಾರೆ!"

ಯೂಲಾಲಿ ಓಡಿಹೋಗಿ, ಅಷ್ಟು ಬೇಸಿಗೆ ತೆರೆದೇ ಇಟ್ಟಿದ್ದ ಆ ಕಿಟಕಿ ಮುಚ್ಚಿದಳು.