ರುಚಿ ನೋಡದ ಸೂಪು

ಜನವರಿಯ ಮೊದಲ ದಿನ, ಭಾನುವಾರ. ಹಿಂದಿನ ಸಂಜೆ ಸ್ವೀಡನ್ನಿನ ಶೋವ್ಡೆ ಊರಿನ ನಮ್ಮ ಫ್ಲ್ಯಾಟಿನಲ್ಲಿ ನಮ್ಮನ್ನೂ ಸೇರಿಸಿ ಮೂರು ಕನ್ನಡ ಮನೆಯವರು ಕೂಡಿದ್ದೆವು. ಅಲ್ಲಿನವರು ಹಬ್ಬಕ್ಕೆ ಹಂದಿಯ ತೊಡೆ ಬೇಯಿಸುತ್ತಾರೆ. ನಮ್ಮಲ್ಲಿ ಅದನ್ನು ತಿನ್ನುವವರಿರಲಿಲ್ಲ, ಹಾಗಾಗಿ ನನ್ನ ಗಂಡ ಆರು ಕಿಲೋದ ಟರ್ಕಿ ಕೋಳಿ ತಂದಿದ್ದರು. ಒಂದು ಮನೆಯವರು ಮಾಂಸವನ್ನೇ ಮುಟ್ಟುವುದಿಲ್ಲ ಎನ್ನುವುದು ಅವರಿಗೆ ಮರೆತುಹೋಗಿತ್ತು. ಆ ಮನೆಯ ಯಜಮಾನರು ಓವನ್ನಿನ ಗಾಜಿನೊಳಗೆ ಇಣುಕಿ, “ಇದೇನ್ ಗುರು, ಕೋಳಿನಾ ಕುರಿನಾ? ಇದನ್ನ ಖಾಲಿ ಮಾಡೋಕೆ ಮಂಡ್ಯದಿಂದ ಒಂದು ಬಸ್ ಜನ ಕರೆಸ್ಬೇಕು” ಎಂದು ನಕ್ಕಿದ್ದರು.

ಅರ್ಧಕ್ಕಿಂತ ಹೆಚ್ಚೇ ಉಳಿಯಿತು. ಭಾನುವಾರ ಮಧ್ಯಾಹ್ನ ನನ್ನ ಗಂಡ ಅದನ್ನು ಮುಂದಿಟ್ಟುಕೊಂಡು ಕೂತರು. ಅವರು ಕಾರಿನ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಹಬ್ಬದಲ್ಲಿ ಉಳಿದ ಕೋಳಿಯಿಂದ ಕೆನೆ ಹಾಕಿದ ಸೂಪು ಮಾಡುವುದನ್ನು ಅಲ್ಲಿನ ಜೊತೆಗಾರನೊಬ್ಬನಿಂದ ಕೇಳಿ ಕಲಿತಿದ್ದರು. ಮನೆಯಲ್ಲಿ ಅವರು ಮಾಡುತ್ತಿದ್ದ ಅಡುಗೆ ಅದೊಂದೇ, ವರ್ಷಕ್ಕೆ ಒಂದು ಸಲ. ಮೂಳೆಗಳನ್ನು ಈರುಳ್ಳಿ, ಕ್ಯಾರೆಟ್ಟಿನ ಜೊತೆ ಗಂಟೆಗಟ್ಟಲೆ ಕುದಿಸಿದರು. ಇನ್ನೊಂದು ಪಾತ್ರೆಯಲ್ಲಿ ಬೆಣ್ಣೆ ಕರಗಿಸಿ ಮೈದಾ ಹುರಿದರು. ಆಮೇಲೆ ಏನು ಎಷ್ಟು ಹಾಕಿದರೋ ನನಗೆ ಗೊತ್ತಿಲ್ಲ. ನಾನು ಹಾಲ್‌ನಲ್ಲಿ ನಿಂತು ಅವರ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ನಾಲ್ಕು ವರ್ಷದ ಮಗಳು ಅವರ ಪಕ್ಕದಲ್ಲಿ ಸ್ಟೂಲಿನ ಮೇಲೆ ನಿಂತು, ಬಿಡಿಸಿದ ಮಾಂಸವನ್ನು ಕದ್ದು ತಿನ್ನುತ್ತಿದ್ದಳು.

ಸಂಜೆ ತಟ್ಟೆ ನೋಡಿ ನಾನು, “ಇದೇನ್ರೀ, ಗಂಜಿ ಥರ ಇದೆ” ಎಂದೆ.

“ಗಂಜಿ ಅಲ್ಲ ಕಣೇ, ಕ್ರೀಮ್ ಸೂಪು.”

“ಹೆಸರು ಏನಾದ್ರೂ ಇಟ್ಕೊಳ್ಳಿ. ಜ್ವರ ಬಂದಾಗ ನಮ್ಮಮ್ಮ ಇದನ್ನೇ ಕುಡಿಸ್ತಿದ್ರು.”

“ನಿಮ್ಮಮ್ಮ ಗಂಜಿಗೆ ಟರ್ಕಿ ಕೋಳಿ ಹಾಕ್ತಿದ್ರಾ? ಬರೀಬೇಕು ಅವರಿಗೊಂದು ಕಾಗದ.”

ಅವರು ಮೂರು ತಟ್ಟೆ ಕುಡಿದರು. ನಾನು ಅರ್ಧ ಕುಡಿದು, ತಿಳಿಸಾರು ಅನ್ನ ಕಲಸಿಕೊಂಡೆ. ಪಾತ್ರೆಯನ್ನೂ ಅವರೇ ತೊಳೆದರು.

ಮಾರನೆಯ ಬೆಳಿಗ್ಗೆ ಮೊದಲ ಪಾಳಿಗೆ ಹೊರಟವರು ಬಸ್ ನಿಲ್ದಾಣದಲ್ಲಿ ಕುಸಿದರು. ಹೃದಯ ನಿಂತುಹೋಗಿತ್ತು. ಮೂವತ್ತೇಳು ವರ್ಷ. ನನಗೆ ತಿಳಿಸಲು ಇಬ್ಬರು ಪೊಲೀಸರು ಬಂದು ಬಾಗಿಲು ತಟ್ಟಿದಾಗ ನಾನು ಮಗಳಿಗೆ ಡಾಗಿಸ್‌ಗೆ ಹೋಗುವ ದಪ್ಪ ಪ್ಯಾಂಟು ಹಾಕುತ್ತಿದ್ದೆ. ಡಾಗಿಸ್ ಎಂದರೆ ಅಲ್ಲಿನ ಶಿಶುವಿಹಾರ. ಅವರು ಹೇಳಿದ್ದರಲ್ಲಿ ಅರ್ಧ ನನಗೆ ಅರ್ಥವಾಗಲಿಲ್ಲ. ಎರಡನೇ ಸಲ ಇಂಗ್ಲಿಷಿನಲ್ಲಿ ಹೇಳಿದರು.

ನಮ್ಮ ಕಡೆ ಸಂಜೆಯೊಳಗೆ ಎಲ್ಲ ಮುಗಿಸುತ್ತಾರೆ. ಅಲ್ಲಿ ಹಾಗಲ್ಲ. ದಹನಕ್ಕೆ ಸರದಿಯಿದೆ, ಕಾಗದಗಳಿವೆ, ನಡುವೆ ರಜೆಗಳು ಬೇರೆ. ಹನ್ನೊಂದನೆಯ ದಿನ ಬಂದಾಗ ಅವರ ದೇಹ ಇನ್ನೂ ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿತ್ತು. ಮಂಡ್ಯದಿಂದ ಅತ್ತೆ ಫೋನಿನಲ್ಲಿ, “ತಿಥಿ ಮಾಡುದ್ರಾ?” ಎಂದು ಕೇಳಿದರು. ಇನ್ನೂ ಸುಟ್ಟಿಲ್ಲ ಎಂದು ಹೇಗೆ ಹೇಳಲಿ? ಹೇಳಿದೆ. ದಹನವಾದದ್ದು ನಾಲ್ಕನೆಯ ವಾರ. ಅಷ್ಟರಲ್ಲಿ ತಿಥಿಯ ದಿನ ಕಳೆದುಹೋಗಿತ್ತು. ಅವರಿಗೆ ಒಂದು ಎಡೆಯನ್ನೂ ಇಡಲಿಲ್ಲ.

ಇದು ನನ್ನನ್ನು ಕೊರೆಯತೊಡಗಿತು. ನಾನು ಓದಿದ್ದು ಪಿಯುಸಿಯವರೆಗೆ. ಶಾಸ್ತ್ರ ತಿಳಿದವಳಲ್ಲ, ನಂಬಿಕೆಯೂ ದೊಡ್ಡದಲ್ಲ. ಆದರೆ ಆ ಮನುಷ್ಯ ಹಸಿದುಕೊಂಡು ಹೋಗಿದ್ದಾರೆ ಎನ್ನುವುದು ತಲೆಯಿಂದ ಇಳಿಯಲಿಲ್ಲ. ಆ ಬೆಳಿಗ್ಗೆ ಅವರು ಕಾಫಿ ಮಾತ್ರ ಕುಡಿದಿದ್ದರು.

ಕಾಯಂ ವಾಸದ ಪರವಾನಗಿ ಮೊದಲೇ ಸಿಕ್ಕಿತ್ತು, ಹಾಗಾಗಿ ಅಲ್ಲೇ ಉಳಿದೆವು. ಸೆಪ್ಟೆಂಬರಿನಲ್ಲಿ ಪಿತೃಪಕ್ಷ ಬಂತು. ನಮ್ಮ ಕಡೆ ಅಮಾವಾಸ್ಯೆಯ ದಿನ ಹಿರಿಯರ ಹಬ್ಬ ಮಾಡುತ್ತಾರೆ. ಸತ್ತವರು ಇಷ್ಟಪಡುತ್ತಿದ್ದ ಅಡುಗೆ ಮಾಡಿ, ಎಡೆ ಇಟ್ಟು, ಬಾಗಿಲು ಮುಚ್ಚಿ, ಅವರು ಬಂದು ಉಣ್ಣಲೆಂದು ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಅತ್ತೆಗೆ ನಾನೇ ಫೋನು ಮಾಡಿದೆ.

“ತಿಥಿಲಂತೂ ಮಡಗ್ನಿಲ್ಲ, ಈಗ್ಲಾದ್ರೂ ಮಡಗವ್ವ. ಅವ್ನು ಅಲ್ಲಿ ಏನ್ ಇಷ್ಟಪಟ್ಟು ತಿಂತಿದ್ದ?”

ನಾನು ಸೂಪಿನ ವಿಷಯ ಹೇಳಿದೆ.

“ಸರಿ, ಅದ್ನೇ ಮಾಡು. ಎಡೆಗೆ ತಂಗ್ಳು ಮಾತ್ರ ಮಡಗ್ಬ್ಯಾಡ.”

“ಅತ್ತೆ, ಅದು ಹಿಂದಿನ ದಿನ ಉಳಿದಿದ್ದ ಕೋಳಿಲೇ ಮಾಡೋದು.”

“ನನ್ ಮಗನ್ಗೆ ಉಳಿದಿದ್ದು ತಿನ್ನಿಸ್ತಿದ್ಯಾ?”

“ನಾನಲ್ಲ ಅತ್ತೆ. ಅವರೇ ಮಾಡ್ಕೊಂಡು ತಿಂತಿದ್ರು.”

ಅತ್ತೆ ಅಳುತ್ತ ನಕ್ಕರು. “ಹಂಗೇ ಅವ್ನು. ತಂಗ್ಳು ಮುದ್ದೆಗೆ ಅಣ್ಣನ ಕೂಡೆ ಕಿತ್ತಾಡ್ತಿದ್ದ. ನೀನು ಹೊಸ ಕೋಳಿ ತಂದು ಮಾಡು. ಮಾಡ್ವಾಗ ರುಚಿ ನೋಡ್ಬ್ಯಾಡ ಕಣವ್ವ. ಮೊದ್ಲ ತುತ್ತು ಅವ್ನುದು.”

ಒಮ್ಮೆಯೂ ಮಾಡದ ಅಡುಗೆಯನ್ನು ರುಚಿ ನೋಡದೆ ಮಾಡಬೇಕಾಗಿತ್ತು. ಸೆಪ್ಟೆಂಬರಿನಲ್ಲಿ ಇಡೀ ಟರ್ಕಿ ಕೋಳಿ ಸಿಗಲಿಲ್ಲ. ಮಂಜುಗಟ್ಟಿದ ಒಂದು ಕಾಲು ಸಿಕ್ಕಿತು. ಅಂಗಡಿಯ ಹಾಲಿನ ಕಪಾಟಿನ ಮುಂದೆ ಬಹಳ ಹೊತ್ತು ನಿಂತೆ. ಕೆನೆಗೆ ಅಲ್ಲಿ ಗ್ರೆದ್ದೆ ಎನ್ನುತ್ತಾರೆ, ಅದು ನನಗೆ ಗೊತ್ತಿತ್ತು. ‘ಗ್ರೆದ್‌ಫಿಲ್’ ಎಂದು ಬರೆದ ಡಬ್ಬಿ ತೆಗೆದುಕೊಂಡೆ. ಹೆಸರಿನ ಮುಂಭಾಗ ಸರಿಯಿತ್ತಲ್ಲ, ಹಿಂದಿನದನ್ನು ಯೋಚಿಸಲಿಲ್ಲ.

ಅಮಾವಾಸ್ಯೆಯ ದಿನ ಕಾಲನ್ನು ಬೇಯಿಸಿ ಬಿಡಿಸಿದೆ. ಮೈದಾ ಹುರಿದೆ. ಕೈ ಅಭ್ಯಾಸಕ್ಕೆ ಸೌಟನ್ನು ಬಾಯಿಯ ಹತ್ತಿರ ತಂದು ಎರಡು ಸಲ ತಡೆದುಕೊಂಡೆ. ಕೊನೆಗೆ ಡಬ್ಬಿಯನ್ನು ಕುದಿಯುವ ಸೂಪಿಗೆ ಸುರಿದೆ. ಒಡೆದ ಹಾಲಿನಂತೆ ಬಿಳಿ ಕಾಳುಗಳು ಮೇಲೆ ಬಂದವು, ನೀರು ಬೇರೆಯಾಯಿತು. ಮಗಳು ಖಾಲಿ ಡಬ್ಬಿಯನ್ನು ಎತ್ತಿ ಮೂಸಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಆದರೆ ವಾಸನೆ ಗೊತ್ತಿತ್ತು.

“ಮಮ್ಮಾ, ಇದು ಫಿಲ್! ಡಾಗಿಸ್‌ನಲ್ಲಿ ಕೊಡ್ತಾರಲ್ಲ, ಅಂಥದ್ದು.”

ಫಿಲ್ ಎಂದರೆ ಹುಳಿ ಮೊಸರು. ನನ್ನ ಗಂಡನಿಗೆ ಬಿಸಿ ಅಡುಗೆಯಲ್ಲಿ ಮೊಸರಿನ ಹುಳಿ ಆಗುತ್ತಿರಲಿಲ್ಲ, ಮಜ್ಜಿಗೆ ಹುಳಿಯನ್ನೂ ಮುಟ್ಟುತ್ತಿರಲಿಲ್ಲ. ಇನ್ನೊಂದು ಕೋಳಿ ಕಾಲು ಮನೆಯಲ್ಲಿರಲಿಲ್ಲ. ಅನ್ನ, ವಡೆ, ಕೋಳಿ ಸಾರಿನ ಪಕ್ಕದಲ್ಲಿ ಆ ಒಡೆದ ಸೂಪನ್ನೇ ಬಟ್ಟಲಿಗೆ ಹಾಕಿ ಇಟ್ಟೆ. ಊದಿನಕಡ್ಡಿ ಹಚ್ಚಿ, ಹೊಗೆಯ ಅಲಾರಾಂ ಕೂಗದಿರಲೆಂದು ಕಿಟಕಿ ತೆರೆದಿಟ್ಟು, ಬಾಗಿಲು ಎಳೆದುಕೊಂಡು ನಾವಿಬ್ಬರೂ ಮೆಟ್ಟಿಲ ಮೇಲೆ ಕೂತೆವು.

ಅಲ್ಲಿನ ಮೆಟ್ಟಿಲ ದೀಪ ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ. ಆರಿದಾಗಲೆಲ್ಲ ಮಗಳು ಎದ್ದು ಗುಂಡಿ ಒತ್ತುತ್ತಿದ್ದಳು. ಮೇಲಿನ ಮಹಡಿಯ ಮುದುಕಿ ಸಾಮಾನಿನ ಚೀಲ ಹಿಡಿದು ಬಂದವರು ನಮ್ಮನ್ನು ಕಂಡು ನಿಂತರು. ಕೀಲಿ ಒಳಗೇ ಬಿಟ್ಟು ಬಂದಿರಾ, ಬೀಗದವನಿಗೆ ಫೋನು ಮಾಡಲೇ ಎಂದರು. ನಾನು ಸ್ವೀಡಿಷಿನಲ್ಲಿ ಮಾತು ಹುಡುಕುವಷ್ಟರಲ್ಲಿ ಮಗಳೇ ಹೇಳಿದಳು:

“ಕೀಲಿ ಇದೆ. ಪಪ್ಪಾ ಒಳಗೆ ಊಟ ಮಾಡ್ತಿದ್ದಾನೆ, ನಾವು ನೋಡ್ಬಾರ್ದು.”

ಆ ಹೆಂಗಸಿಗೆ ನನ್ನ ಗಂಡ ಸತ್ತದ್ದು ಗೊತ್ತಿತ್ತು. ಅವರು ನನ್ನ ಮುಖ ನೋಡಿದರು. ಚೀಲವನ್ನು ಕೆಳಗಿಟ್ಟು ನಮ್ಮ ಮೇಲಿನ ಮೆಟ್ಟಿಲಿನಲ್ಲಿ ಕೂತರು. ದೀಪ ಮತ್ತೆರಡು ಸಲ ಆರಿತು. ಹೋಗುವಾಗ, ಊಟಕ್ಕೆ ಎಷ್ಟು ಹೊತ್ತು ಬೇಕಾಗುತ್ತದೆ ಎಂದಷ್ಟೇ ಕೇಳಿದರು. ಇಷ್ಟು ಸಾಕು ಎಂದೆ.

ಒಳಗೆ ಹೋದೆವು. ಮಗಳು ಓಡಿಹೋಗಿ ಬಟ್ಟಲಿನೊಳಗೆ ನೋಡಿದಳು. “ಕಮ್ಮಿ ಆಗಿಲ್ಲ” ಎಂದಳು. “ಅವನಿಗೆ ಇಷ್ಟ ಆಗ್ಲಿಲ್ವಾ?”

ನಾನು ಒಂದು ಚಮಚ ಬಾಯಿಗಿಟ್ಟೆ. ಹುಳಿ. ಉಪ್ಪನ್ನೇ ಹಾಕಿರಲಿಲ್ಲ. ಎಂಟು ತಿಂಗಳು ಕಾಯಿಸಿ ಅವರಿಗೆ ಇಟ್ಟ ಮೊದಲ ಊಟ ಅದು. ಅಡುಗೆಮನೆಯ ನೆಲದ ಮೇಲೆ ಕೂತೆ. ಮಗಳು ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದಳು, ಅವಳಿಗೂ ಹಸಿವಾಗಿತ್ತು.

ಮರುವರ್ಷ ನನಗೆ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ದಿನಕ್ಕೆ ಮುನ್ನೂರು ಮಕ್ಕಳ ಊಟ. ಅಲ್ಲಿ ಕೆನೆಯ ಡಬ್ಬಿಗಳನ್ನು ಒಂದೊಂದಾಗಿ ಕಲಿತೆ. ಯಾವುದು ಕುದಿ ತಡೆಯುತ್ತದೆ, ಯಾವುದನ್ನು ಒಲೆ ಆರಿಸಿ ಹಾಕಬೇಕು, ಮೈದಾ ಯಾವ ಬಣ್ಣಕ್ಕೆ ಬಂದಾಗ ನಿಲ್ಲಿಸಬೇಕು. ಡಿಸೆಂಬರಿನಲ್ಲೇ ಟರ್ಕಿ ಕೋಳಿ ತಂದು ಫ್ರೀಜರಿನಲ್ಲಿಟ್ಟು ಸೆಪ್ಟೆಂಬರಿಗೆ ತೆಗೆಯುತ್ತೇನೆ. ಈಗ ರುಚಿ ನೋಡದೆಯೇ ಉಪ್ಪು ಸರಿಯಾಗಿ ಬೀಳುತ್ತದೆ. ಮಗಳು ಎರಡು ತಟ್ಟೆ ಕುಡಿಯುತ್ತಾಳೆ, ಇದು ಪಪ್ಪನ ಸೂಪು ಎಂದು ಗೆಳತಿಯರಿಗೆ ಹೇಳುತ್ತಾಳೆ. ನಾನು ತಿದ್ದುವುದಿಲ್ಲ.

ಮೊದಮೊದಲು ಪ್ರತಿ ಸಲವೂ ಹೋಲಿಸಿ ನೋಡುತ್ತಿದ್ದೆ. ಅವರದು ಇದಕ್ಕಿಂತ ಗಟ್ಟಿಯಿತ್ತು, ಅವರದರಲ್ಲಿ ಮೆಣಸು ಮುಂದಿತ್ತು ಎಂದು ನಾಲಿಗೆಗೆ ತಿಳಿಯುತ್ತಿತ್ತು. ಒಂದು ವರ್ಷ ಹೋಲಿಸಲು ಹೋದಾಗ ಆ ಕಡೆ ಏನೂ ಸಿಗಲಿಲ್ಲ. ನನ್ನ ಸೂಪನ್ನು ಅಷ್ಟು ಸಲ ಮಾಡಿ ಮಾಡಿ ಅವರದರ ರುಚಿಯ ಮೇಲೆ ನನ್ನದೇ ಕೂತುಬಿಟ್ಟಿತ್ತು. ಅವರು ಮಾಡಿದ ಸೂಪಿನ ರುಚಿ ಹೇಗಿತ್ತು ಎಂದು ನನಗೆ ಈಗ ನೆನಪಿಲ್ಲ.